ಕಲಿಕೆಯ ಋಣ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನನ್ನಂಥ ಕಾಲೇಜು ಮೇಷ್ಟರಿಗೆ ಎರಡನೆಯದೇ ಗತಿ. ಸಂಬಳ, ಸಂಸಾರ, ಉತ್ತರಪತ್ರಿಕೆಗಳ ಕಟ್ಟು ಇವುಗಳ ನಡುವೆ ನಮಗೆ ದೇಶ ಸುತ್ತುವುದೆಂದರೆ ವರ್ಷಕ್ಕೊಮ್ಮೆ ನೆಂಟರ ಮದುವೆಯ ನೆಪದಲ್ಲಿ ಶಿವಮೊಗ್ಗೆಯವರೆಗೆ ಹೋಗಿಬರುವುದು. ಈಗಿನ ಮಕ್ಕಳು ಹಾಗಲ್ಲ. ಅವರು ದೇಶ ಸುತ್ತುವುದನ್ನೇ ಕೋಶ ಓದುವ ಬಗೆಯನ್ನಾಗಿ ಮಾಡಿಕೊಂಡಿದ್ದಾರೆ. ಅದಕ್ಕೆ ಅಂಕಗಳೂ ದೊರೆಯುತ್ತವೆ.

ಹೀಗೆ ಹೋದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ನಮ್ಮ ಬೀದಿಯ ಹುಡುಗಿ, ಪಿ.ಯು. ತರಗತಿಯಲ್ಲಿ ನನ್ನಿಂದ ಹಳಗನ್ನಡ ಪಾಠ ಹೇಳಿಸಿಕೊಂಡು, ಅದರಿಂದ ತಪ್ಪಿಸಿಕೊಳ್ಳಲೋ ಎಂಬಂತೆ, ಸಮಾಜಕಾರ್ಯ ಕಲಿಯಲು ಅಮೆರಿಕಕ್ಕೆ ಹೋದಳು. ಅಲ್ಲಿ ಮೂರನೆಯ ವರ್ಷದಲ್ಲಿ ಅವಳ ಕಾಲೇಜು ಅವಳನ್ನೂ ಕೆಲವು ಸಹಪಾಠಿಗಳನ್ನೂ ಒಂದು ಸೆಮಿಸ್ಟರಿನ ಮಟ್ಟಿಗೆ ಮೆಕ್ಸಿಕೋ ದೇಶಕ್ಕೆ ಕಳಿಸಿತು. ಸೆಮಿಸ್ಟರು ಮುಗಿಯುವ ಹೊತ್ತಿಗೆ ಅವಳು ನನಗೊಂದು ಉದ್ದನೆಯ ಪತ್ರ ಬರೆದಳು. ಊರಿನ ವರ್ಣನೆ, ಊಟದ ವರ್ಣನೆ ಎಲ್ಲ ಆದಮೇಲೆ ಕೊನೆಗೆ ಹೀಗಿತ್ತು: "ಸರ್, ಸಮಾಜಕಾರ್ಯ ಕಲಿಯಲು ಇಲ್ಲಿಗೆ ಬಂದೆ. ನಾಲ್ಕು ತಿಂಗಳಾಯಿತು. ಕಲಿತದ್ದು ಬಹಳ, ಮಾಡಿದ ಕಾರ್ಯ ಮಾತ್ರ ಏನೂ ಇಲ್ಲ. ಈ ಜನರ ಕಷ್ಟವನ್ನು ನನ್ನ ಪಠ್ಯಪುಸ್ತಕ ಮಾಡಿಕೊಂಡು ಪಾಸಾಗಿ ಹೊರಡುತ್ತಿದ್ದೇನೆ. ಇದು ಸರಿಯೆ?"

ನಾನು ಕೂಡಲೇ ಉತ್ತರ ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಅದು ಅವಳೊಬ್ಬಳ ಪ್ರಶ್ನೆಯಲ್ಲ ಎನ್ನಿಸುತ್ತಿತ್ತು. ಇನ್ನೊಬ್ಬರ ಕಷ್ಟದಿಂದ ನಾವು ಕಲಿಯಬಹುದೆ? ಕಲಿತರೆ ಅವರಿಗೆ ನಾವು ಏನನ್ನು ಸಲ್ಲಿಸಬೇಕು? ಈ ಬರಹ ಅವಳಿಗೆ ನಾನು ಬರೆಯಬೇಕಾಗಿದ್ದ ಉತ್ತರ ಎಂದು ಓದುಗರು ತಿಳಿಯಬಹುದು.

ಮೊದಲು ಈ ಕಲಿಕೆಯ ಬಗೆಯನ್ನು ಸ್ವಲ್ಪ ಹೇಳಬೇಕು. ಅನುಭವದಿಂದ ಕಲಿಯಬೇಕೆಂಬ ತತ್ತ್ವಕ್ಕೆ ಅಮೆರಿಕದಲ್ಲಿ ದೊಡ್ಡ ಬೆಂಬಲ ಕೊಟ್ಟವನು ತತ್ತ್ವಜ್ಞಾನಿ ಜಾನ್ ಡ್ಯೂಯಿ. 1938ರಲ್ಲಿ ಪ್ರಕಟವಾದ 'ಅನುಭವ ಮತ್ತು ಶಿಕ್ಷಣ' ಎಂಬ ಚಿಕ್ಕ ಗ್ರಂಥದಲ್ಲಿ ಅವನು ಇದನ್ನು ವಿವರಿಸಿದ್ದಾನೆ. ಆದರೆ ಎಲ್ಲ ಅನುಭವವೂ ಶಿಕ್ಷಣವಲ್ಲ, ಮುಂದಿನ ಕಲಿಕೆಯ ದಾರಿಯನ್ನೇ ಮುಚ್ಚಿಬಿಡುವ ಅನುಭವಗಳೂ ಉಂಟು ಎಂಬ ಎಚ್ಚರಿಕೆಯೂ ಅದರಲ್ಲಿಯೇ ಇದೆ. ಮುಂದೆ 1984ರಲ್ಲಿ ಡೇವಿಡ್ ಕೋಲ್ಬ್ ಎಂಬ ವಿದ್ವಾಂಸ ಇದನ್ನೊಂದು ಚಕ್ರವಾಗಿ ತೋರಿಸಿದ: ಅನುಭವಿಸುವುದು, ಅದನ್ನು ಮೆಲುಕು ಹಾಕುವುದು, ಅದರಿಂದೊಂದು ವಿಚಾರವನ್ನು ತೆಗೆಯುವುದು, ಆ ವಿಚಾರವನ್ನು ಮತ್ತೆ ಪ್ರಯೋಗಿಸಿ ನೋಡುವುದು. ಸಮಾಜಕಾರ್ಯದ ಶಿಕ್ಷಣದಲ್ಲಂತೂ ಕ್ಷೇತ್ರಕಾರ್ಯವೇ ಜೀವಾಳ. ಅಮೆರಿಕದಲ್ಲಿ ಪದವಿ ಪಡೆಯಲು ವಿದ್ಯಾರ್ಥಿ ಕನಿಷ್ಠ 400 ಗಂಟೆ ಕ್ಷೇತ್ರದಲ್ಲಿ ಕಳೆಯಬೇಕು. ಪರದೇಶದ ಸೆಮಿಸ್ಟರು ಎಂದರೆ ಇದೇ ಕ್ರಮವನ್ನು ಬೇರೆ ಭಾಷೆ, ಬೇರೆ ಸಂಸ್ಕೃತಿಗಳ ನಡುವೆ ನಡೆಸುವುದು: ಸ್ಥಳೀಯ ಕುಟುಂಬವೊಂದರಲ್ಲಿ ವಾಸ, ಬೆಳಿಗ್ಗೆ ಭಾಷೆಯ ಪಾಠ, ಆಮೇಲೆ ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸ, ರಾತ್ರಿ ದಿನಚರಿ ಬರೆಯುವುದು.

ನಮ್ಮ ಹುಡುಗಿ ಹೋದದ್ದು ಕ್ವೆರ್ನವಾಕ ಎಂಬ ಊರಿಗೆ. ಮೆಕ್ಸಿಕೋ ನಗರದ ದಕ್ಷಿಣಕ್ಕೆ ಬೆಟ್ಟ ಇಳಿದರೆ ಸಿಕ್ಕುವ ಊರು. ಮೊರೆಲೋಸ್ ಪ್ರಾಂತದ ರಾಜಧಾನಿ. ನಿತ್ಯವಸಂತದ ನಗರವೆಂದು ಹೆಸರಾದುದು. ಮಿನಿಯಾಪೊಲಿಸ್ಸಿನ ಆಗ್ಸ್‌ಬರ್ಗ್ ವಿದ್ಯಾಸಂಸ್ಥೆಯಂಥವು ಸಮಾಜಕಾರ್ಯದ ಸೆಮಿಸ್ಟರುಗಳನ್ನು ನಡೆಸಿದ ಊರೂ ಹೌದು; ಇವಳದು ಬೇರೆ ಕಾಲೇಜು. ಅಲ್ಲಿ ಸ್ಪೇನಿನ ದಂಡನಾಯಕ ಕೊರ್ತೇಸ್ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಅರಮನೆಯೊಂದಿದೆ. ಅದರ ಗೋಡೆಯ ಮೇಲೆ ಡಿಯೇಗೊ ರಿವೇರಾ 1930ರಲ್ಲಿ ಮುಗಿಸಿದ ಭಿತ್ತಿಚಿತ್ರಗಳಿವೆ: ಸ್ಪೇನಿನವರ ದಾಳಿ, ಕಬ್ಬಿನ ತೋಟಗಳಲ್ಲಿ ಮೂಲನಿವಾಸಿಗಳ ಬೆನ್ನು ಬಾಗಿದ ದುಡಿಮೆ, ಕೊನೆಯಲ್ಲಿ ಬಿಳಿಯ ಕುದುರೆಯ ಪಕ್ಕ ನಿಂತ ರೈತನಾಯಕ ಸಪಾತಾ. ಆ ಚಿತ್ರಗಳಿಗೆ ಹಣ ಕೊಟ್ಟವನು ಆಗ ಮೆಕ್ಸಿಕೋದಲ್ಲಿದ್ದ ಅಮೆರಿಕದ ರಾಯಭಾರಿ ಡ್ವೈಟ್ ಮಾರೊ. ದಬ್ಬಾಳಿಕೆಯ ಚಿತ್ರಕ್ಕೂ ಸಿರಿವಂತರೇ ದುಡ್ಡು ಕೊಡಬೇಕಾಯಿತಲ್ಲ ಎಂದು ಹುಡುಗಿ ಬರೆದಿದ್ದಳು. ತನ್ನ ವಿದ್ಯಾರ್ಥಿವೇತನವನ್ನೂ ಅವಳು ನೆನೆದಿರಬೇಕು.

ಅವಳಿಗೆ ಗೊತ್ತುಮಾಡಿದ ಕ್ಷೇತ್ರ ಒಂದು ಶಿಶುವಿಹಾರ. ಬೀದಿಯಲ್ಲಿ ತಿಂಡಿ ಮಾರುವ, ಮನೆಗೆಲಸ ಮಾಡುವ ತಾಯಂದಿರು ಹಗಲು ಹೊತ್ತು ಮಕ್ಕಳನ್ನು ಬಿಟ್ಟುಹೋಗುವ ಸ್ಥಳ. ಹೋದ ಮೊದಲ ವಾರದಲ್ಲಿಯೇ ಅವಳ ಅಹಂಕಾರ ಇಳಿಯಿತು. ತಾಯಂದಿರಿಗೆ ಬುದ್ಧಿ ಹೇಳೋಣವೆಂದರೆ ಭಾಷೆ ಬಾರದು. ಮಕ್ಕಳಿಗೆ ಕತೆ ಹೇಳೋಣವೆಂದರೆ ಮೂರು ವರ್ಷದ ಮಗುವಿಗಿಂತ ತನ್ನ ಸ್ಪ್ಯಾನಿಷ್ ಕಡಿಮೆ. ಕೊನೆಗೆ ಅವಳಿಗೆ ಜಾಗ ಸಿಕ್ಕಿದ್ದು ಅಡಿಗೆಮನೆಯಲ್ಲಿ. ವಯಸ್ಸಾದ ಅಡಿಗೆಯಾಕೆಯ ಪಕ್ಕ ಕುಳಿತು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುವುದು. ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಿಟ್ಟ ಮುಸುಕಿನ ಜೋಳವನ್ನು ತೊಳೆಯುವುದು. ಆ ಜೋಳವನ್ನು ರುಬ್ಬಿದ ಹಿಟ್ಟಿನಿಂದಲೇ ಅವರ ಟೋರ್ಟಿಯಾ ರೊಟ್ಟಿ. ಕಲ್ಲು ಆರಿಸುವುದು ತನಗೆ ಗೊತ್ತಿದ್ದುದರಿಂದ ತನ್ನ ಮಾನ ಉಳಿಯಿತು, ಅಜ್ಜಿಯ ಮೊರದ ಮುಂದೆ ಕೂತಿದ್ದು ಉಪಯೋಗಕ್ಕೆ ಬಂತು ಎಂದು ಬರೆದಿದ್ದಳು.

ಆ ಅಡಿಗೆಯಾಕೆಯ ಇಬ್ಬರು ಗಂಡುಮಕ್ಕಳು ಗಡಿ ದಾಟಿ ಅಮೆರಿಕಕ್ಕೆ ಹೋಗಿದ್ದರು. ಯಾಕೆ ಹೋದರು ಎಂದು ಹುಡುಗಿ ಕೇಳಿದಳು. ಜೋಳ ಬೆಳೆದರೆ ಗಿಟ್ಟುವುದಿಲ್ಲ ಎಂಬ ಉತ್ತರ ಬಂತು. ಯಾಕೆ ಗಿಟ್ಟುವುದಿಲ್ಲ ಎಂಬುದಕ್ಕೆ ತರಗತಿಯಲ್ಲಿ ಉತ್ತರ ಸಿಕ್ಕಿತು: 1994ರ ಜನವರಿಯಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋಗಳ ನಡುವಣ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಮೇಲೆ, ಸರ್ಕಾರದ ಸಹಾಯಧನದಿಂದ ಬೆಳೆದ ಅಮೆರಿಕದ ಅಗ್ಗದ ಜೋಳ ಮೆಕ್ಸಿಕೋದ ಮಾರುಕಟ್ಟೆಗೆ ಹರಿದುಬಂತು, ಸಣ್ಣ ರೈತನ ಜೋಳಕ್ಕೆ ಬೆಲೆ ಬಿತ್ತು. ಅಲ್ಲಿಯವರೆಗೆ ಅವಳ ಸಹಪಾಠಿಗಳು ಕೇಳಿಕೊಳ್ಳುತ್ತಿದ್ದ ಪ್ರಶ್ನೆ, ಈ ಬಡವಳಿಗೆ ನಾವೇನು ಮಾಡಬಹುದು ಎಂಬುದು. ಅಂದಿನಿಂದ ಅದು ಬೇರೆಯಾಯಿತು: ಈಕೆಯ ಬಡತನಕ್ಕೂ ನಮ್ಮ ಮನೆಯ ಊಟಕ್ಕೂ ಏನು ನಂಟು? ಇದು ಪುಸ್ತಕದಲ್ಲಿಯೂ ಸಿಕ್ಕುವ ಸಂಗತಿಯೇ. ಆದರೆ ಮಗನ ಫೋನಿಗಾಗಿ ಭಾನುವಾರ ಕಾಯುವ ತಾಯಿಯ ಎದುರು ಕುಳಿತು ತಿಳಿದಾಗ ಅದರ ತೂಕ ಬೇರೆ.

ಇದಿಷ್ಟು ಲಾಭದ ಕಡೆ. ನಷ್ಟದ ಕಡೆ ನೋಡೋಣ. ಶಿಶುವಿಹಾರದಲ್ಲಿ ಒಂದು ಹೆಣ್ಣುಮಗು ಇವಳನ್ನು ಬಹಳ ಹಚ್ಚಿಕೊಂಡಿತ್ತು. ಹೊರಡುವ ವಾರ ಅದು ಅತ್ತಿತು. ಅಡಿಗೆಯಾಕೆ ಸಮಾಧಾನದ ಸ್ವರದಲ್ಲಿಯೇ ಹೇಳಿದಳಂತೆ: "ಪ್ರತಿ ಸಲವೂ ಯಾವುದಾದರೊಂದು ಮಗು ಅಳುತ್ತದೆ. ಮುಂದಿನ ಹುಡುಗಿ ಬಂದಮೇಲೆ ಸರಿಹೋಗುತ್ತದೆ." ಹುಡುಗಿಗೆ ನಿದ್ದೆಗೆಡಿಸಿದ್ದು ಈ ಮಾತು. ಅವಳಿಗೆ ಸಿಕ್ಕ ಅನುಭವಕ್ಕೆ ಬೆಲೆ ತೆತ್ತದ್ದು ಆ ಮಗು. ಅಂಕ ಬಂದದ್ದು ಇವಳಿಗೆ.

ಈ ಲೆಕ್ಕವನ್ನು ಮುಲಾಜಿಲ್ಲದೆ ಹಾಕಿದವನು ಇವಾನ್ ಇಲ್ಲಿಚ್. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಪಾದ್ರಿಯಾಗಿ ನ್ಯೂಯಾರ್ಕಿನ ಪೋರ್ಟೊರಿಕೋ ವಲಸಿಗರ ನಡುವೆ ದುಡಿದು, 1960ರ ದಶಕದಲ್ಲಿ ಇದೇ ಕ್ವೆರ್ನವಾಕದಲ್ಲಿ ಭಾಷೆಯನ್ನೂ ವಿಚಾರವನ್ನೂ ಕಲಿಸುವ ಕೇಂದ್ರವೊಂದನ್ನು ನಡೆಸಿದವನು. ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಡುವ ಅಮೆರಿಕದ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ 1968ರ ಏಪ್ರಿಲಿನಲ್ಲಿ ಅವನು ಭಾಷಣ ಮಾಡಿದ. ಸಾಮಾನ್ಯವಾಗಿ ಇಂಥ ಸಭೆಗಳಲ್ಲಿ ಆಶೀರ್ವಚನ ದೊರೆಯುತ್ತದೆ. ಇಲ್ಲಿ ದೊರೆತದ್ದು ಛೀಮಾರಿ. ನೀವು ಬರಬೇಡಿ ಎಂದ. ನಿಮ್ಮನ್ನು ಹಳ್ಳಿಯವರು ಬೈದರೂ ನಿಮಗೆ ಅರ್ಥವಾಗದು; ಬೇಡವೆನ್ನುವ ಶಕ್ತಿಯಿಲ್ಲದವರ ಮೇಲೆ ನಿಮ್ಮ ಒಳ್ಳೆಯತನವನ್ನು ಹೇರುತ್ತೀರಿ; ಬಡವರ ನಡುವೆ ಕೆಲಸಮಾಡುವ ಆಸೆಯಿದ್ದರೆ ನಿಮ್ಮ ಊರಿನಲ್ಲಿಯೇ ಮಾಡಿ, ಅಲ್ಲಿಯವರು ನಿಮ್ಮ ಭಾಷೆಯಲ್ಲಿಯೇ ನಿಮ್ಮನ್ನು ಅಟ್ಟಬಲ್ಲರು ಎಂಬುದು ಅವನ ವಾದದ ತಿರುಳು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿ ಎಂಬುದು ಅವನ ಕೊನೆಯ ಕೋರಿಕೆ.

ಮೊದಲ ಸಲ ಇದನ್ನು ಓದಿದಾಗ ನನಗೆ ಮುಖಕ್ಕೆ ಹೊಡೆದಂತಾಯಿತು. ಪರದೇಶದ ಸಂಗತಿ ನನಗೇಕೆ ತಾಗಬೇಕು ಎಂದು ಓದುಗರು ಕೇಳಬಹುದು. ಕಾರಣ ಉಂಟು. ನಮ್ಮ ದೇಶದಲ್ಲಿ ಗಾಂಧೀ ಶತಮಾನೋತ್ಸವದ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ನಾಲ್ಕು ವರ್ಷ ನಮ್ಮ ಕಾಲೇಜಿನಲ್ಲಿ ಅದರ ಹೊಣೆ ನನ್ನದಾಗಿತ್ತು. ಒಂದು ವರ್ಷ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ ಹೂಡಿದೆವು. ಐವತ್ತು ಹುಡುಗರು ಪೊರಕೆ, ಗುದ್ದಲಿ ಹಿಡಿದು ಊರಿನ ಬೀದಿಯನ್ನೂ ಚರಂಡಿಯನ್ನೂ ಹಸನುಮಾಡಿದರು. ಭಾಷಣ, ಛಾಯಾಚಿತ್ರ, ಸಮಾರೋಪ ಎಲ್ಲ ಆಯಿತು. ಅರಳಿಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರನ್ನು, "ಹೇಗಿದೆ ಯಜಮಾನರೇ ನಮ್ಮ ಹುಡುಗರ ಕೆಲಸ?" ಎಂದು ಹೆಮ್ಮೆಯಿಂದ ಕೇಳಿದೆ. ಅವರು ನಗುತ್ತ, "ಒಳ್ಳೆ ಮಕ್ಳು ಸ್ವಾಮಿ. ವಾದ ವರ್ಸ ಬಂದಿದ್ದೋರೂ ಇದ್ನೇ ಗುಡ್ಸಿದ್ರು" ಎಂದರು. ಆ ಊರಿಗೆ ಬೇಕಾಗಿದ್ದುದು ಚರಂಡಿಯ ನೀರು ಮುಂದೆ ಹರಿದುಹೋಗಲು ಒಂದು ದಾರಿ. ಅದಕ್ಕೆ ಪಕ್ಕದ ಜಮೀನಿನವನ ಒಪ್ಪಿಗೆ ಬೇಕು, ಪಂಚಾಯಿತಿಯ ನಿರ್ಣಯ ಬೇಕು. ಅದನ್ನು ನಾವು ಕೇಳಲಿಲ್ಲ. ಕೇಳಲು ಏಳು ದಿನ ಸಾಲದು. ಗುಡಿಸಲು ಮಾತ್ರ ಸಾಕು.

ಹಾಗಾದರೆ ಇಲ್ಲಿಚ್ಚನ ಮಾತು ಕೇಳಿ ಎಲ್ಲರೂ ಮನೆಯಲ್ಲಿಯೇ ಇರಬೇಕೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಪರದೇಶದಲ್ಲಿ ಕಣ್ಣುತೆರೆದು ಮರಳಿದವರ ಒಂದು ದೊಡ್ಡ ಉದಾಹರಣೆ ಸಮಾಜಕಾರ್ಯದ ಚರಿತ್ರೆಯ ಮೊದಲ ಪುಟದಲ್ಲಿಯೇ ಇದೆ.

ಅಮೆರಿಕದ ಜೇನ್ ಆಡಮ್ಸ್ ಶ್ರೀಮಂತರ ಮಗಳು. 1883ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಯೂರೋಪಿನ ಪ್ರವಾಸಕ್ಕೆ ಹೋದಾಗ ಲಂಡನ್ನಿನ ಪೂರ್ವ ಭಾಗದಲ್ಲಿ ಒಂದು ಶನಿವಾರ ರಾತ್ರಿ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಒಂದು ನೋಟ ಕಂಡಳು. ಮಾರಾಟವಾಗದೆ ಉಳಿದು ಕೊಳೆಯತೊಡಗಿದ ತರಕಾರಿಯನ್ನು ಹರಾಜು ಹಾಕುತ್ತಿದ್ದರು. ಅದಕ್ಕಾಗಿ ಮೇಲೆದ್ದ ಬಡವರ ಕೈಗಳು ಮಂದ ಬೆಳಕಿನಲ್ಲಿ ಕಾಣುತ್ತಿದ್ದವು. ಒಬ್ಬ ತನಗೆ ದಕ್ಕಿದ ಎಲೆಕೋಸನ್ನು ಅಲ್ಲಿಯೇ ಕುಳಿತು ಹಸಿಹಸಿಯಾಗಿ ತಿಂದ. ಆ ಕೈಗಳು ಅವಳನ್ನು ಬಹುಕಾಲ ಕಾಡಿದವು. ಆದರೆ ಅವಳು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವ ಒಂದು ಸಂಗತಿ ಇನ್ನೂ ಮುಖ್ಯ. ಆ ಹೊತ್ತಿನಲ್ಲಿ ಅವಳ ಮನಸ್ಸಿಗೆ ಬಂದದ್ದು ತಾನು ಓದಿದ್ದ ಒಂದು ಸಾಹಿತ್ಯ ಪ್ರಸಂಗವಂತೆ! ಕಣ್ಣೆದುರು ಹಸಿವು, ಮನಸ್ಸಿನಲ್ಲಿ ಪುಸ್ತಕ. ಓದಿನಿಂದ ತನ್ನ ಕೈಕಾಲು ಬಿದ್ದುಹೋಗಿವೆ ಎಂದು ಅವಳಿಗೆ ನಾಚಿಕೆಯಾಯಿತು. ಸಾಹಿತ್ಯದ ಮೇಷ್ಟರಾದ ನಮಗೆ ಈ ಭಾಗವನ್ನು ಸುಮ್ಮನೆ ದಾಟಿಹೋಗುವುದು ಕಷ್ಟ.

ಸಿದ್ಧತೆಯೆಂಬುದೇ ಒಂದು ಬಲೆ ಎಂದು ಅವಳು ಆಮೇಲೆ ಕಂಡುಕೊಂಡಳು. ಇನ್ನಷ್ಟು ನೋಡೋಣ, ಇನ್ನಷ್ಟು ಓದೋಣ, ಆಮೇಲೆ ಮಾಡೋಣ ಎಂದು ಮುಂದೂಡುತ್ತಲೇ ಹೋಗುವುದು. 1888ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲನ್ನು ನೋಡಿದಳು. ವಿಶ್ವವಿದ್ಯಾಲಯದ ತರುಣರು ಬಡವರ ಕೇರಿಯಲ್ಲಿಯೇ ಮನೆಮಾಡಿಕೊಂಡಿರುವ ಸಂಸ್ಥೆ ಅದು. ಮರುವರ್ಷ, 1889ರಲ್ಲಿ, ಗೆಳತಿ ಎಲೆನ್ ಸ್ಟಾರಳೊಡನೆ ಷಿಕಾಗೋ ನಗರದ ವಲಸಿಗರ ಕೇರಿಯಲ್ಲಿ ಹಲ್ ಹೌಸನ್ನು ತೆರೆದಳು. ಮೊದಮೊದಲು ಇವರು ಅಲ್ಲಿ ಮಾಡಿದ್ದೇನು? ನೆರೆಯ ಹೆಂಗಸರಿಗೆ ಜಾರ್ಜ್ ಎಲಿಯಟ್ಟಳ ಕಾದಂಬರಿಯನ್ನು ಓದಿಹೇಳಿದ್ದು. ಹೆಂಗಸರು ಸೌಜನ್ಯದಿಂದ ಕೇಳಿದರು. ಆದರೆ ಅವರಿಗೆ ಬೇಕಾಗಿದ್ದುದು ಮಕ್ಕಳನ್ನು ನೋಡಿಕೊಳ್ಳುವ ಜಾಗ, ಸ್ನಾನದ ಮನೆ, ಬೀದಿಯ ಕಸ ಎತ್ತುವ ಏರ್ಪಾಡು. ಇದನ್ನು ಅವರಿಂದ ಕಲಿತ ಆಡಮ್ಸ್ 1895ರಲ್ಲಿ ತನ್ನ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆಗಿ ನೇಮಕಗೊಂಡು ಬೆಳಗಿನ ಜಾವ ಕಸದ ಗಾಡಿಗಳ ಹಿಂದೆ ಓಡಾಡಿದಳು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು. 1935ರಲ್ಲಿ ತೀರಿಕೊಳ್ಳುವವರೆಗೆ ಹಲ್ ಹೌಸೇ ಅವಳ ಮನೆ.

ಬಸ್ಸಿನ ಮೇಲಂತಸ್ತಿನಿಂದ ಕಂಡದ್ದು ಕೆಲವು ನಿಮಿಷ. ಅದರಿಂದ ಹೊರಟದ್ದು ನಾಲ್ವತ್ತಾರು ವರ್ಷಗಳ ಸಂಸಾರ. ಪರದೇಶದ ಸೆಮಿಸ್ಟರೂ ಒಂದು ಬಸ್ಸಿನ ಮೇಲಂತಸ್ತೇ. ಅಲ್ಲಿ ಕುಳಿತು ನೋಡಿದ್ದು ತಪ್ಪಲ್ಲ. ನೋಡಿದವರು ಮುಂದೆ ಎಲ್ಲಿ ಇಳಿದರು ಎಂಬುದೇ ಪ್ರಶ್ನೆ. ಆಡಮ್ಸ್ ಲಂಡನ್ನಿನ ಬಡವರನ್ನು ಉದ್ಧರಿಸಲು ಹೋಗಲಿಲ್ಲ. ತನ್ನ ದೇಶಕ್ಕೆ ಮರಳಿ ಷಿಕಾಗೋದಲ್ಲಿ ಇಳಿದಳು.

ಇಲ್ಲಿಗೆ ನನಗೆ ಹೊಳೆಯುವುದು ನಮ್ಮಲ್ಲಿ ಬಹುಕಾಲದಿಂದ ಇರುವ ಋಣ ಎಂಬ ಮಾತು. ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಹೊತ್ತು ಮನುಷ್ಯ ಹುಟ್ಟುತ್ತಾನೆ ಎಂದರು. ಜ್ಞಾನ ಕೊಟ್ಟವರದು ಋಷಿಋಣ; ಕಲಿತು, ಕಲಿಸಿ ಅದನ್ನು ತೀರಿಸಬೇಕು. ಆದರೆ ತಮ್ಮ ಕಷ್ಟವನ್ನೇ ಪಾಠವಾಗಿ ಕೊಟ್ಟವರನ್ನು ಯಾರೂ ಋಷಿಗಳ ಸಾಲಿಗೆ ಸೇರಿಸಲಿಲ್ಲ. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದ ರೋಗಿಯ ಹೊಟ್ಟೆಯನ್ನು ಹತ್ತು ಜನ ವೈದ್ಯ ವಿದ್ಯಾರ್ಥಿಗಳು ಒಬ್ಬರಾದಮೇಲೊಬ್ಬರು ಒತ್ತಿ ನೋಡುತ್ತಾರೆ. ಸ್ಪೆಷಲ್ ವಾರ್ಡಿನವರ ಹೊಟ್ಟೆಯನ್ನು ಹಾಗೆ ಒತ್ತಿ ಕಲಿಯುವುದಿಲ್ಲ. ಆ ಹತ್ತು ಜನರೂ ಮುಂದೆ ನಮಗೆ ಒಳ್ಳೆಯ ಡಾಕ್ಟರಾಗುತ್ತಾರೆ. ನಾವು ಫೀಜು ಕೊಟ್ಟು, ಲೆಕ್ಕ ತೀರಿತು ಎಂದುಕೊಳ್ಳುತ್ತೇವೆ. ಜನರಲ್ ವಾರ್ಡಿನವನ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ.

ಆದ್ದರಿಂದ ಹುಡುಗಿಗೆ ನಾನು ಹೇಳಬೇಕಾದದ್ದು ಇಷ್ಟು. ಕಲಿತದ್ದು ತಪ್ಪಲ್ಲ, ಕಲಿತು, ಕೊಟ್ಟೆನೆಂದು ತಿಳಿಯುವುದು ತಪ್ಪು. ಸೇವೆ ಮಾಡಲು ಹೋದವನು ತಾನು ದಾನಿಯೆಂದು ಭಾವಿಸುತ್ತಾನೆ. ನಿಜವಾಗಿ ಅವನು ಸಾಲಗಾರ. ದಾನಿಗೆ ಕೃತಜ್ಞತೆಯ ನಿರೀಕ್ಷೆ ಇರುತ್ತದೆ, ಅದು ಸಿಕ್ಕದಾಗ ಬಡವರ ಮೇಲೆ ಮುನಿಸೂ ಬರುತ್ತದೆ. ಸಾಲಗಾರನಿಗೆ ಆ ಹಕ್ಕಿಲ್ಲ. ಅವನು ಮೆಲ್ಲಗೆ ಮಾತಾಡಬೇಕು, ಕರೆದಾಗ ಬರಬೇಕು, ಲೆಕ್ಕ ತೋರಿಸಬೇಕು.

ಈ ಋಣವನ್ನು ಹಗುರಮಾಡಿಕೊಳ್ಳುವ ಪ್ರಯತ್ನಗಳು ಇಲ್ಲದೆ ಇಲ್ಲ. ನಮಗೆ ಸಮೀಪದ ನೀಲಗಿರಿಯಲ್ಲಿ, ಕನ್ನಡಕ್ಕೆ ತೀರ ಹತ್ತಿರವಾದ ಬಡಗ ನುಡಿಯನ್ನು ಆಡುವವರ ನೆರೆಯಲ್ಲಿ, ಕೋಟಗಿರಿಯ ಕೀಸ್ಟೋನ್ ಸಂಸ್ಥೆಯೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯವೂ ಸೇರಿ 2015ರಲ್ಲಿ ಒಂದು ಸೆಮಿಸ್ಟರಿನ ಕಲಿಕೆಯನ್ನು ಆರಂಭಿಸಿದವು. ಅಲ್ಲಿ ಅಮೆರಿಕದ ವಿದ್ಯಾರ್ಥಿಗಳ ಜೊತೆಗೆ ನೀಲಗಿರಿಯ ಆದಿವಾಸಿ ಸಮುದಾಯಗಳ ಯುವಜನರೂ ವಿದ್ಯಾರ್ಥಿಗಳೇ; ಒಂದೇ ತರಗತಿಯಲ್ಲಿ ಕುಳಿತು, ಜೊತೆಯಾಗಿ ಕ್ಷೇತ್ರಕಾರ್ಯ ಮಾಡುವ ಕ್ರಮ. ಒಬ್ಬರು ಓದುಗರು, ಇನ್ನೊಬ್ಬರು ಪುಸ್ತಕ ಎಂಬ ಭೇದ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹುಡುಗಿ ಕಳೆದ ಬೇಸಿಗೆಯ ರಜದಲ್ಲಿ ಊರಿಗೆ ಬಂದಿದ್ದಳು. ನನ್ನ ಉತ್ತರಕ್ಕೆ ಕಾಯದೆ ಅವಳೇ ಒಂದು ಕೆಲಸ ಮಾಡಿದ್ದಳು. ಕ್ಷೇತ್ರಕಾರ್ಯದ ಕೊನೆಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಅಂಕ ಪಡೆದಮೇಲೆ, ಕಷ್ಟಪಟ್ಟು ಸ್ಪ್ಯಾನಿಷಿಗೆ ತಿರುಗಿಸಿ ಶಿಶುವಿಹಾರಕ್ಕೆ ಕಳಿಸಿದಳು. ಅಲ್ಲಿ ಯಾರೋ ಅದನ್ನು ಅಡಿಗೆಯಾಕೆಗೆ ಓದಿಹೇಳಿದರಂತೆ. ಎರಡು ತಿದ್ದುಪಡಿ ಬಂದವು. ಒಂದು, ಜೋಳಕ್ಕೆ ಹಾಕುವ ಸುಣ್ಣದ ಅಳತೆ ತಪ್ಪಾಗಿದೆ. ಇನ್ನೊಂದು, ವರದಿಯಲ್ಲಿ ಹುಡುಗಿ ಆಕೆಯನ್ನು ಅಸಹಾಯಕ ಹೆಂಗಸು ಎಂದು ಬರೆದಿದ್ದಳು. "ನಾನು ಹಾಗೆ ಹೇಳಲಿಲ್ಲ. ಮಂಡಿ ನೋಯುತ್ತದೆ ಎಂದೆ" ಎಂದು ಆಕೆ ಹೇಳಿಕಳಿಸಿದ್ದಳು.

"ಆ ವಾಕ್ಯಕ್ಕೇ ಸರ್ ನಮ್ಮ ಪ್ರೊಫೆಸರು ಮೆಚ್ಚುಗೆ ಬರೆದದ್ದು" ಎಂದು ಹುಡುಗಿ ತಲೆ ತಗ್ಗಿಸಿ ನಕ್ಕಳು. ಮಗುವಿನ ವಿಷಯ ಏನಾಯಿತು ಎಂದು ಕೇಳಿದೆ. ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ಎಲ್ಲ ಸಾಲವೂ ತೀರುವಂಥದಲ್ಲ.

ಅವಳು ಹೋದಮೇಲೆ ಬೀರು ತೆಗೆದು ನಮ್ಮ ಶಿಬಿರದ ವರದಿಯನ್ನು ಹುಡುಕಿದೆ. ನಾನೇ ಬರೆದದ್ದು, ನಾಲ್ಕು ಪುಟ, ಮುಚ್ಚಟೆಯಾದ ಕನ್ನಡ. "ಗ್ರಾಮಸ್ಥರಲ್ಲಿ ಸ್ವಚ್ಛತೆಯ ಅರಿವನ್ನು ಮೂಡಿಸಲಾಯಿತು" ಎಂದಿತ್ತು. ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ ಹೋಗಿದೆ, ಒಂದು ಕಾಲೇಜಿನ ಕಚೇರಿಯಲ್ಲಿದೆ, ಒಂದು ನನ್ನ ಬಳಿ. ಊರಿಗೆ ಕಳಿಸಿದ್ದಿಲ್ಲ. ಆ ಹಳ್ಳಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅರಳಿಕಟ್ಟೆಯ ಆ ಹಿರಿಯರು ಇನ್ನೂ ಇದ್ದಾರೆಂದು ಕೇಳಿದ್ದೇನೆ. ವರದಿಯನ್ನು ಅವರ ಮುಂದೆ ಓದಬೇಕೆಂದು ಎರಡು ಭಾನುವಾರ ಹೊರಟೆ. ಎರಡು ಸಲವೂ ಬೇರೆ ಏನೋ ಕೆಲಸ ನೆನಪಾಗಿ ನಿಂತುಬಿಟ್ಟೆ.